ಬಿತ್ತನೆಯ ಬೀಜವನ್ನು ಬೀಸುವವರು

ಕಡಲ ಮೀನಿನ ವಿಚಾರವು ಬಯಲುಸೀಮೆಯ ಪತ್ರಿಕೆಗೆ ಏತಕ್ಕೆಂದು ಕೆಲವರು ಆಕ್ಷೇಪಿಸಬಹುದು. ಘಟ್ಟವನ್ನಿಳಿಯದವರೂ ಘಟ್ಟವೇರಿ ಬಂದ ಮೀನನ್ನು ಕೊಂಡು ಉಣ್ಣುತ್ತಿರುವಾಗ ಈ ಆಕ್ಷೇಪಕ್ಕೆ ಹುರುಳಿಲ್ಲ. ಉಣ್ಣುವವನಿಗೆ ಉಣಿಸಿನ ಹುಟ್ಟುಬೆಳವಣಿಗೆಯ ಅರಿವು ಅವಶ್ಯವಾದುದು.

ಬೂತಾಯಿಯನ್ನೇ ನೋಡಿರಿ. ಉತ್ತರ ಕನ್ನಡದವರು ಇದನ್ನು ತಾರ್ಲಿಯೆಂದೂ ಮಲೆಯಾಳಿಗಳು ಮತ್ತಿಯೆಂದೂ ಕರೆಯುವರು. ಇದರ ಆಯುಸ್ಸು ಸುಮಾರು ಎರಡೂವರೆ ವರ್ಷ. ಕಡಲಿನಲ್ಲಿ ತೇಲುವ ಸೂಕ್ಷ್ಮಸಸ್ಯಗಳನ್ನು ಸೋಸಿ ತಿಂದು, ವರ್ಷ ತುಂಬುವ ವೇಳೆಗೆ ಸುಮಾರು 15 ಸೆಂಟಿಮೀಟರು ಬೆಳೆದು ಪ್ರಾಯಕ್ಕೆ ಬರುವುದು, ಮುಂಗಾರಿನೊಡನೆ ಮೊಟ್ಟೆಯಿಡುವುದು. ಮಳೆ ತಗ್ಗಿದಾಗ ಮರಿಗಳು ಹಿಂಡುಹಿಂಡಾಗಿ ತೀರದ ಬಳಿಗೆ ಬರುವುವು. ಮೊಟ್ಟೆಯಿಡುವ ಕಾಲದಲ್ಲಿ ತಾಯಿಮೀನಿನ ಕೊಬ್ಬು ಕರಗಿರುವುದು; ಮರಿಗೆ ಕೊಬ್ಬಿನ್ನೂ ಕೂಡಿರದು. ಮಳೆಗಾಲದ ತರುವಾಯ ಮೇದು ಎಣ್ಣೆಯೇರಿದ ಪ್ರಾಯದ ಮೀನೇ ಪುಳಿಮುಂಚಿಗೂ ಕಾವಲಿಗೂ ತಕ್ಕುದೆಂಬುದನ್ನು ಕರಾವಳಿಯ ಗೃಹಿಣಿಯರು ಬಲ್ಲರು.

ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳನ್ನು ದಡದಲ್ಲಿ ಕಟ್ಟಿಸುವ ನಮ್ಮ ರಾಜ್ಯದ ಕಟ್ಟಳೆಯೇ ಸಾಲದೆ ಎನ್ನುವರು. ಸಾಲದು. 61 ದಿನ ತಾಯಿಯನ್ನು ಕಾಯ್ದು, ಬಳಿಕ ಸಣ್ಣ ಕಣ್ಣಿನ ಬಲೆಯಿಂದ ಮಕ್ಕಳನ್ನು ಬಾಚಿ ಮೀನುಹಿಟ್ಟಿನ ಕಾರ್ಖಾನೆಗೆ ಸುರಿದರೆ ಆ ಕಾವಲಿನಿಂದ ಫಲವೇನು?

ಕಡಲು ಅಕ್ಷಯಪಾತ್ರೆಯೆಂಬುದು ಮತ್ತೊಂದು ವಾದ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ದೊರೆತ ಈ ಮೀನು 2021ರಲ್ಲಿ 3,297 ಟನ್ನಿಗೆ ಇಳಿಯಿತು. ಕಡಲಿನ ಬಿಸಿಯೇರಿದುದೂ ಇದಕ್ಕೆ ಕಾರಣವೆಂದು ಬಲ್ಲವರು ಹೇಳುವರು, ಒಪ್ಪತಕ್ಕ ಮಾತೇ. ಆದರೆ ಕಡಲಿನ ಬಿಸಿಯು ಮೀನುಗಾರನ ಕೈಯಲ್ಲಿಲ್ಲ. ಬಲೆಯ ಕಣ್ಣು ಅವನ ಕೈಯಲ್ಲಿದೆ. ಮದರಾಸು ಸರ್ಕಾರವು 1943ರಲ್ಲಿಯೇ ಬೂತಾಯಿಯ ಮರಿಗಳನ್ನು ಹಿಡಿಯುವುದಕ್ಕೆ ನಿರ್ಬಂಧ ವಿಧಿಸಿ, ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟಿತು. ಕೇರಳವು 2015ರಲ್ಲಿ 10 ಸೆಂಟಿಮೀಟರಿಗೆ ಕಿರಿದಾದುದನ್ನು ಹಿಡಿಯಬಾರದೆಂದು ಕಟ್ಟುಮಾಡಿತು. ಪ್ರಾಯದ ಅಳತೆಗೆ ಹೋಲಿಸಿದರೆ ಅದೂ ಕಡಮೆಯೇ.

ಬರಿದಾದುದು ತುಂಬಲು ಎಷ್ಟು ಕಾಲ ಬೇಕೆಂಬುದನ್ನು ನಮ್ಮ ಜಿಲ್ಲೆಗೆ ಯಾರೂ ಕಲಿಸಬೇಕಾಗಿಲ್ಲ. ಹಿರಿಯೂರಿನ ಬಳಿಯ ಮಾರಿಕಣಿವೆಯ ಜಲಾಶಯವು 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಹರಿಯಲು 2022 ಬರಬೇಕಾಯಿತು. ಬರಗಾಲದಲ್ಲಿ ಮಕ್ಕಳು ಹಸಿದಿದ್ದರೂ ಹೊಸದುರ್ಗ, ಹೊಳಲ್ಕೆರೆಗಳ ರೈತನು ಬಿತ್ತನೆಯ ರಾಗಿಯನ್ನು ಬೀಸುವ ಕಲ್ಲಿಗೆ ಹಾಕಲು ಹಿಂಜರಿಯುವನು. ಆ ವಿವೇಕವು ನಮಗೆ ಹೊಲದಲ್ಲಿರುವಂತೆ ಸಂತೆಯಲ್ಲಿಯೂ ಇರಲಿ. ಮರಿಮೀನು ಕಾರ್ಖಾನೆಯನ್ನು ಸೇರದಂತೆ ತಡೆಯುವುದು ಸರ್ಕಾರದ ಕರ್ತವ್ಯ. ಬೆರಳುದ್ದದ ಬೂತಾಯಿಯನ್ನು ಕೊಳ್ಳದಿರುವುದು ನಮ್ಮ ಕರ್ತವ್ಯ.