ಕೆರೆಯ ತಳಕ್ಕೂ ಹಸಿವಿದೆ

ಕೆರೆಯೆಂದರೆ ನೀರು ತುಂಬುವ ಗುಂಡಿಯಲ್ಲ. ಆದರೆ ಸರಕಾರಿ ಕಡತಗಳಲ್ಲಿ ಅದು ಅಷ್ಟೇ ಆಗಿಬಿಟ್ಟಿದೆ. 2022ರ ಏಪ್ರಿಲ್‌ನಲ್ಲಿ ಆರಂಭವಾದ ಅಮೃತ ಸರೋವರ ಯೋಜನೆಯು ಜಿಲ್ಲೆಗೆ 75 ಕೆರೆ, ಪ್ರತಿಯೊಂದಕ್ಕೂ ಕನಿಷ್ಠ 1 ಎಕರೆ ವಿಸ್ತಾರ, 10,000 ಘನಮೀಟರ್ ನೀರು ಎಂದು ಗುರಿ ನಿಗದಿಪಡಿಸಿತು. ತಳದ ಜೀವಿಗಳು ಏನನ್ನು ಉಣ್ಣುತ್ತವೆ ಎಂಬ ಪ್ರಶ್ನೆಗೆ ಈ ಲೆಕ್ಕದಲ್ಲಿ ಸ್ಥಾನವೆಲ್ಲಿ?

ಕೆಸರಿನಲ್ಲಿ ರಕ್ತಹುಳು, ಬಸವನಹುಳು, ಸೀಗಡಿ, ಏಡಿಗಳ ಸಂಸಾರವಿದೆ. ಮೀನು, ಕಪ್ಪೆ, ಹಕ್ಕಿಗಳ ಬದುಕು ಇವನ್ನೇ ಆಧರಿಸಿದೆ. ಮೇಲಿನಿಂದ ಇಳಿಯುವ ಪಾಚಿ ಮತ್ತು ದಡದಿಂದ ಬೀಳುವ ತರಗೆಲೆ ಇವುಗಳ ಮುಖ್ಯ ಆಹಾರ. ಆದರೆ ಎಲ್ಲ ಪಾಚಿಯೂ ಒಂದೇ ಅಲ್ಲ. ಡಯಾಟಮ್ ಎಂಬ ಸೂಕ್ಷ್ಮ ಪಾಚಿಯಲ್ಲಿ ಬೆಳವಣಿಗೆಗೆ ಬೇಕಾದ ಒಮೆಗಾ-3 ಕೊಬ್ಬು ಸಮೃದ್ಧವಾಗಿದೆ. ಗೊಬ್ಬರ, ಕೊಳಚೆ ಸೇರಿದ ನೀರಿನಲ್ಲಿ ಉಕ್ಕುವ ನೀಲಿಹಸಿರು ಪಾಚಿಯಲ್ಲಿ ಅದರ ಕೊರತೆಯಿದೆ; ಕೆಲವು ಬಗೆಗಳು ವಿಷಕಾರಿಯೂ ಹೌದು. ಹೊಟ್ಟೆ ತುಂಬಿದರೂ ಮೈ ಬೆಳೆಯದು.

ತರಗೆಲೆಯ ಕಥೆಯೂ ಅದೇ. ಶಿಲೀಂಧ್ರಗಳು ಎಲೆಯನ್ನು ಹುದುಗಿದ ಹಿಟ್ಟಿನಂತೆ ಮೃದುಗೊಳಿಸಿದ ಮೇಲೆಯೇ ಅದು ಉತ್ತಮ ಆಹಾರ. ಹೊಂಗೆಯಂಥ ಮರಗಳ ಎಲೆ ಬೇಗ ಕೊಳೆಯುತ್ತದೆ. ಅಕೇಶಿಯಾದ ‘ಎಲೆ’ ವಾಸ್ತವದಲ್ಲಿ ಚಪ್ಪಟೆಯಾದ ತೊಟ್ಟು. ಬಿರುಸು, ಕೊಳೆಯಲು ನಿಧಾನ. ಕೆರೆಯ ಅಂಚಿನಲ್ಲಿ ಅದನ್ನು ನೆಟ್ಟು ‘ಹಸಿರೀಕರಣ’ವೆನ್ನುವುದು ವಂಚನೆ.

ನೀರು ತಿಳಿಯಾದರೆ ಸಾಕೆನ್ನುವವರು ಅಮೆರಿಕದ ಮಿಶಿಗನ್ ಸರೋವರವನ್ನು ನೋಡಲಿ. ಹಡಗುಗಳೊಡನೆ ಬಂದ ಪರದೇಶಿ ಚಿಪ್ಪುಜೀವಿಗಳು 1990ರ ದಶಕದಿಂದ ಅಲ್ಲಿನ ಡಯಾಟಮ್‌ಗಳನ್ನು ಸೋಸಿ ನುಂಗಿದವು. ನೀರು ತಿಳಿಯಾಯಿತು, ಆದರೆ ಡಯಾಟಮ್ ನಂಬಿದ್ದ ಡೈಪೊರಿಯಾ ಎಂಬ ಸೀಗಡಿಯಂಥ ಜೀವಿ ಬಹುಪಾಲು ಕಣ್ಮರೆಯಾಯಿತು. ಆಹಾರದ ಅಭಾವವೇ ಮುಖ್ಯ ಕಾರಣವೆಂಬುದು ಅನೇಕ ವಿಜ್ಞಾನಿಗಳ ಅಭಿಪ್ರಾಯ. ಡೈಪೊರಿಯಾವನ್ನು ತಿನ್ನುತ್ತಿದ್ದ ಬಿಳಿಮೀನುಗಳೂ ಸೊರಗಿದವು.

ಹೂಳೆತ್ತುವುದೇ ತಪ್ಪೆಂದಲ್ಲ. ಹಿಂದೆ ರೈತರು ಬೇಸಿಗೆಯಲ್ಲಿ ಕೆರೆಗೋಡನ್ನು ಗಾಡಿಗಳಲ್ಲಿ ಹೊಲಗದ್ದೆಗಳಿಗೆ ಸಾಗಿಸುತ್ತಿದ್ದರು. ಕೆರೆಯ ಅಡುಗೆಮನೆ ಒಂದೇ ದಿನದಲ್ಲಿ ಬರಿದಾಗುತ್ತಿರಲಿಲ್ಲ. ಇಂದು ಜೆಸಿಬಿ ಯಂತ್ರ ಇಡೀ ತಳವನ್ನು ಒಮ್ಮೆಗೇ ಬಗೆಯುತ್ತದೆ, ಗುತ್ತಿಗೆದಾರನಿಗೆ ಘನಮೀಟರ್ ಲೆಕ್ಕದಲ್ಲಿ ಹಣ ಸಂದಾಯವಾಗುತ್ತದೆ.

ಆದ್ದರಿಂದ ಪ್ರತಿ ಗ್ರಾಮಸಭೆಯೂ ಪಟ್ಟುಹಿಡಿಯಬೇಕು: ಹೂಳನ್ನು ಭಾಗಭಾಗವಾಗಿ ಮಾತ್ರ ತೆಗೆಯಬೇಕು, ದಡದಲ್ಲಿ ಅಕೇಶಿಯಾ ಬದಲು ನಾಡಮರಗಳನ್ನು ಬೆಳೆಸಬೇಕು, ಗೊಬ್ಬರ, ಕೊಳಚೆಯ ನೀರು ಕೆರೆಗೆ ಇಳಿಯದಂತೆ ತಡೆಯಬೇಕು. ವಿದ್ಯಾರ್ಥಿಗಳು ಒಂದು ಬೊಗಸೆ ಕೆಸರನ್ನು ಬಿಳಿ ತಟ್ಟೆಯಲ್ಲಿ ತೊಳೆದು ನೋಡಲಿ. ಅಲ್ಲಿ ಜೀವ ಚಲಿಸದಿದ್ದರೆ ‘ಅಭಿವೃದ್ಧಿ’ಯ ಬಿಲ್ಲಿಗೆ ಸಹಿ ಬೀಳಕೂಡದು.