ಮಗ ಯಂತ್ರ ಕೇಳಿದಾಗ

ಕಳೆದ ತಿಂಗಳು ಓದುಗ ಸಹೋದರಿಯೊಬ್ಬರು ಫೋನ್ ಮಾಡಿದ್ದರು. ಪತಿ ಗಲ್ಫ್‌ನಲ್ಲಿದ್ದಾರೆ. ಹಿರಿಯ ಮಗ ಮೆಕ್ಯಾನಿಕಲ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದಾನೆ. ಓರಗೆಯ ಹುಡುಗರೆಲ್ಲ ಬೈಕ್ ಕೇಳುವ ವಯಸ್ಸಿನಲ್ಲಿ ಇವನು ಕೇಳುತ್ತಿರುವುದು ಒಂದು ಸಣ್ಣ ಮಿಲ್ಲಿಂಗ್ ಯಂತ್ರ. ಮನೆಯ ಹಿಂದಿನ ಸೌದೆ ಕೊಟ್ಟಿಗೆಯನ್ನು ಆಗಲೇ ಗುಡಿಸಿ ಸಿದ್ಧಗೊಳಿಸಿದ್ದಾನಂತೆ. ತಂದೆಯನ್ನು ಕೇಳಿದರೆ, "ನೀನು ಅಲ್ಲೇ ಇದ್ದೀಯಲ್ಲ, ನೋಡಿ ತೀರ್ಮಾನಿಸು" ಎಂದು ಹೇಳಿ ಸುಮ್ಮನಾಗಿದ್ದಾರೆ. ಇರುವ ಹಣವೋ ಅಡುಗೆ ಮನೆಯ ರಿಪೇರಿಗೆಂದು ಎರಡು ವರ್ಷದಿಂದ ಕೂಡಿಟ್ಟದ್ದು.

"ಅವನು ಹೇಳುವ ಒಂದು ಶಬ್ದವೂ ನನಗೆ ಅರ್ಥವಾಗುವುದಿಲ್ಲ. ಕೊಲೆಟ್ ಅನ್ನುತ್ತಾನೆ, ಎಂಡ್ ಮಿಲ್ ಅನ್ನುತ್ತಾನೆ. ಬೇಡ ಅನ್ನಲು ಮನಸ್ಸಿಲ್ಲ, ಸರಿ ಅನ್ನಲು ಧೈರ್ಯವಿಲ್ಲ. ನಾನೇನು ಮಾಡಲಿ?" ಎಂದು ಕೇಳಿದರು.

ಅವರ ಪ್ರಶ್ನೆ ನನ್ನನ್ನು ನಮ್ಮ ತವರು ಮನೆಯ ಅಂಗಳಕ್ಕೆ ಕೊಂಡೊಯ್ಯಿತು. ನನ್ನ ತಮ್ಮನಿಗೂ ಇದೇ ಹುಚ್ಚಿತ್ತು. ಮಿಲ್ಲಿಂಗ್ ಯಂತ್ರಕ್ಕೆ ಹಣವಿಲ್ಲವೆಂದು ಅವನು ಮನೆಯಲ್ಲಿದ್ದ ಡ್ರಿಲ್ಲಿಂಗ್ ಮೆಷಿನ್‌ಗೇ ಮಿಲ್ಲಿಂಗ್ ಕಟ್ಟರ್ ಸಿಕ್ಕಿಸಿ ಕಬ್ಬಿಣದ ತುಂಡನ್ನು ಬದಿಯಿಂದ ಕೊರೆಯಲು ಹೊರಟ. ಎರಡು ನಿಮಿಷ ಎಲ್ಲವೂ ಸರಿಯಾಗಿತ್ತು. ಮೂರನೆಯ ನಿಮಿಷಕ್ಕೆ ತಿರುಗುತ್ತಿದ್ದ ಚಕ್ ಕಟ್ಟರ್ ಸಮೇತ ಕಳಚಿ ಕೆಳಗೆ ಬಿತ್ತು. ಕಟ್ಟರ್ ತುಂಡಾಗಿ ಗೋಡೆಗೆ ಬಡಿಯಿತು. ಅದರ ಗುರುತು ಇಂದಿಗೂ ಗೋಡೆಯ ಮೇಲಿದೆ. ಅವನ ಕಣ್ಣಿಗೂ ಗೋಡೆಗೂ ನಡುವೆ ಇದ್ದ ಅಂತರ ಒಂದು ಗೇಣು.

ಆದ್ದರಿಂದ ಸಹೋದರಿಯರೇ, ಇಂತಹ ವಿಷಯದಲ್ಲಿ "ನಮಗೇನು ಗೊತ್ತು" ಎಂದು ನಾವು ಹಿಂದೆ ಸರಿಯಬಾರದು. ಹೊಲಿಗೆ ಯಂತ್ರವನ್ನೂ ಗ್ರೈಂಡರನ್ನೂ ನೋಡಿ ಆರಿಸಿದವರು ನಾವು. ಅದೇ ತಿಳುವಳಿಕೆ ಇಲ್ಲಿಯೂ ಸಾಕಾಗುತ್ತದೆ.

ಏನಿದು ಮಿಲ್ಲಿಂಗ್?

ಎಚ್‌ಎಂಟಿ ಎಂದ ಕೂಡಲೇ ನಮಗೆ ಕೈಗಡಿಯಾರ ನೆನಪಾಗುತ್ತದೆ. ಆದರೆ 1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಗಡಿಯಾರಕ್ಕೆ ಕೈ ಹಾಕಿದ್ದು 1961ರಲ್ಲಿ. ಅದರ ಮೂಲ ಕಸುಬು ಯಂತ್ರಗಳನ್ನು ತಯಾರಿಸುವ ಯಂತ್ರಗಳದ್ದು. ಲೇತ್, ಮಿಲ್ಲಿಂಗ್ ಮುಂತಾದವು ಆ ಜಾತಿಗೆ ಸೇರಿದವು.

ಲೇತ್‌ನಲ್ಲಿ ಲೋಹದ ತುಂಡು ತಿರುಗುತ್ತದೆ, ಉಳಿ ನಿಂತಿರುತ್ತದೆ. ಹಾಗಾಗಿ ಅಲ್ಲಿ ದುಂಡನೆಯ ವಸ್ತುಗಳು ತಯಾರಾಗುತ್ತವೆ. ಮಿಲ್ಲಿಂಗ್‌ನಲ್ಲಿ ಕಟ್ಟರ್ ತಿರುಗುತ್ತದೆ, ಲೋಹವನ್ನು ಟೇಬಲ್ಲಿಗೆ ಬಿಗಿದು ಆಚೀಚೆ, ಹಿಂದೆ ಮುಂದೆ ಸರಿಸಲಾಗುತ್ತದೆ. ಮೇಲ್ಮೈ ಸಮತಟ್ಟು ಮಾಡಲು, ಗಾಡಿ ಕೊರೆಯಲು, ಮೂಲೆ ತೆಗೆಯಲು ಇದು ಬೇಕು. ಡ್ರಿಲ್ಲಿಂಗ್ ಮೆಷಿನ್ ಕೆಳಮುಖವಾಗಿ ಮಾತ್ರ ಒತ್ತಲು ತಯಾರಾದದ್ದು. ಅದರ ಚಕ್ ಕೇವಲ ಗೂಟದಂತೆ ಸಿಕ್ಕಿಕೊಂಡಿರುತ್ತದೆ. ಬದಿಯಿಂದ ನೂಕಿದರೆ, ಅದುರಿದರೆ ಕಳಚುತ್ತದೆ. ಮಿಲ್ಲಿಂಗ್ ಯಂತ್ರದಲ್ಲಿ ಮೇಲಿನಿಂದ ಒಂದು ಉದ್ದನೆಯ ಬೋಲ್ಟ್ ಕಟ್ಟರ್‌ನ ಹಿಡಿಕೆಯನ್ನು ಎಳೆದು ಬಿಗಿಯುತ್ತದೆ. ಇದನ್ನು ಡ್ರಾ ಬಾರ್ ಎನ್ನುತ್ತಾರೆ. ನನ್ನ ತಮ್ಮ ತಪ್ಪಿದ್ದು ಇಲ್ಲಿಯೇ.

ಮೊದಲು ಕೆಲಸ, ನಂತರ ಯಂತ್ರ

ನಾನು ಆ ಸಹೋದರಿಗೆ ಹೇಳಿದ ಮೊದಲ ಮಾತು ಇದು: "ಯಾವ ಯಂತ್ರ ಬೇಕು ಎಂದು ಕೇಳಬೇಡಿ. ಮೊದಲ ವರ್ಷ ಏನೇನು ಮಾಡುತ್ತೀಯ, ಒಂದು ಹಾಳೆಯಲ್ಲಿ ಬರೆದು ಕೊಡು ಎನ್ನಿ. ಯಾವ ಲೋಹ, ಎಷ್ಟು ಉದ್ದ, ಎಷ್ಟು ದಪ್ಪ ಎಂಬುದನ್ನೂ ಬರೆಯಲಿ."

ಐದು ಜನರ ಮನೆಗೆ ಮದುವೆ ಮನೆಯ ದೇಗ್ ಯಾರೂ ಕೊಳ್ಳುವುದಿಲ್ಲ. ಅಂಗೈಯಗಲದ ಹಿತ್ತಾಳೆ, ಅಲ್ಯೂಮಿನಿಯಂ ತುಂಡುಗಳಿಂದ ಮಾದರಿ ಎಂಜಿನ್ ಮಾಡುವವನಿಗೆ ಮೇಜಿನ ಮೇಲೆ ಕೂರುವ ಸಣ್ಣ ಯಂತ್ರ ಸಾಕು. ಹವ್ಯಾಸಿಗಳು ಹೆಚ್ಚಾಗಿ ಕೊಳ್ಳುವ ಎಕ್ಸ್2 ಮಾದರಿಯ ಚೀನೀ ಯಂತ್ರಗಳು 50-60 ಕಿಲೋ ಆಸುಪಾಸು ತೂಗುತ್ತವೆ, ಮನೆಯ ಸಾಮಾನ್ಯ ಸಿಂಗಲ್ ಫೇಸ್ ವಿದ್ಯುತ್ತಿನಲ್ಲಿ ನಡೆಯುತ್ತವೆ. ಇದರಲ್ಲಿ ಉಕ್ಕನ್ನೂ ಕೊರೆಯಬಹುದು, ಆದರೆ ತೆಳುವಾಗಿ, ಸಾವಧಾನವಾಗಿ. ಕಾರ್ಖಾನೆಯಿಂದ ಬಂದ ಹಳೆಯ ದೊಡ್ಡ ಯಂತ್ರ ಅಗ್ಗಕ್ಕೆ ಸಿಗುತ್ತದೆಂದು ಆಸೆಪಟ್ಟರೆ ಅದಕ್ಕೆ ತ್ರೀ ಫೇಸ್ ವಿದ್ಯುತ್, ಇಳಿಸಲು ಕ್ರೇನ್, ಹೊರಲು ಗಟ್ಟಿ ನೆಲ ಎಲ್ಲವೂ ಬೇಕಾಗುತ್ತದೆ.

ತೂಕವೇ ಗುಣ

ಮಿಕ್ಸಿ ಓಡುವಾಗ ಕಟ್ಟೆಯ ಮೇಲೆ ಕುಣಿಯುತ್ತದೆ, ಕಲ್ಲಿನ ಗ್ರೈಂಡರ್ ಅಲುಗುವುದಿಲ್ಲ. ಮಿಲ್ಲಿಂಗ್‌ನಲ್ಲಿಯೂ ಹಾಗೆಯೇ. ಯಂತ್ರ ಅದುರಿದಷ್ಟು ಕಟ್ಟರ್ ಬೇಗ ಹಾಳಾಗುತ್ತದೆ, ಮೇಲ್ಮೈ ಒರಟಾಗುತ್ತದೆ. ಆದ್ದರಿಂದ ಅಂಗಡಿಯವನು ಮೋಟಾರಿನ ಶಕ್ತಿ ಹೇಳಿದರೆ ನೀವು ತೂಕ ಕೇಳಿ. ಎರಡು ಯಂತ್ರಗಳ ಬೆಲೆ ಒಂದೇ ಆಗಿದ್ದರೆ ಭಾರವಾದದ್ದು ಸಾಮಾನ್ಯವಾಗಿ ಉತ್ತಮ.

ನಂತರ ಹಿಂದಿನ ಕಂಬವನ್ನು ನೋಡಿ. ಕೆಲವು ಯಂತ್ರಗಳಲ್ಲಿ ಅದು ದುಂಡನೆಯ ಪೈಪಿನಂತಿರುತ್ತದೆ. ಕೆಲಸದ ನಡುವೆ ತಲೆಯನ್ನು ಮೇಲೆ ಕೆಳಗೆ ಮಾಡಿದಾಗ ಅದು ಸ್ವಲ್ಪ ತಿರುಗಿಬಿಡುತ್ತದೆ, ಹಿಡಿದಿದ್ದ ಅಳತೆ ತಪ್ಪುತ್ತದೆ. ಚೌಕಾಕಾರದ, ಗಾಡಿಯಲ್ಲಿ ಜಾರುವ ಕಂಬದಲ್ಲಿ ಈ ತೊಂದರೆ ಇಲ್ಲ. ಓರೆಯಾಗಿ ಬಾಗುವ ಕಂಬ ಕಾಣಲು ಚೆನ್ನ, ಆದರೆ ಬಾಗುವ ಆ ಕೀಲೇ ಅದರ ದೌರ್ಬಲ್ಯ.

ಜಾಹೀರಾತಿನಲ್ಲಿ ಟೇಬಲ್ಲಿನ ಉದ್ದ ದೊಡ್ಡದಾಗಿ ಕಾಣುತ್ತದೆ. ಟೇಬಲ್ ಎಷ್ಟು ದೂರ ಸರಿಯುತ್ತದೆ ಎಂಬುದೇ ನಿಜವಾದ ಅಳತೆ. ಎತ್ತರವನ್ನೂ ವಿಚಾರಿಸಿ. ನಲ್ಲಿಯ ಕೆಳಗೆ ಕೊಡಪಾನ ಹಿಡಿಯುವುದಿಲ್ಲ ಎಂಬುದು ಸಿಂಕ್ ಕೊಂಡ ಮೇಲೆ ತಿಳಿಯುವಂತೆ, ಟೇಬಲ್ಲಿನ ಮೇಲೆ ವೈಸ್ ಇಟ್ಟು, ಮೇಲೆ ಚಕ್ ಮತ್ತು ಡ್ರಿಲ್ ಬಿಟ್ ಸಿಕ್ಕಿಸಿದ ಮೇಲೆ ಕೆಲಸಕ್ಕೆ ಜಾಗವೇ ಉಳಿಯದಿರುವುದುಂಟು.

ಸ್ಪಿಂಡಲ್‌ನ ರಂಧ್ರ ಯಾವ ಬಗೆಯದು ಎಂದೂ ಕೇಳಿ. ಸಣ್ಣ ಯಂತ್ರಗಳಲ್ಲಿ ಹೆಚ್ಚಾಗಿ ಎರಡು ಬಗೆ: ಮೋರ್ಸ್ 3 ಮತ್ತು ಆರ್8. ಮೋರ್ಸ್ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ, ಬಿಡಿಸಲು ಡ್ರಾ ಬಾರ್‌ಗೆ ಸುತ್ತಿಗೆಯಿಂದ ತಟ್ಟಬೇಕು. ಅಮೆರಿಕದ ಬ್ರಿಡ್ಜ್‌ಪೋರ್ಟ್ ಯಂತ್ರಗಳಿಂದ ಬಂದ ಆರ್8 ಸುಲಭವಾಗಿ ಬಿಡುತ್ತದೆ. ಎರಡೂ ಕೆಲಸಕ್ಕೆ ಬರುತ್ತವೆ. ಆದರೆ ಒಂದರ ಸಾಮಾನು ಇನ್ನೊಂದಕ್ಕೆ ಹೊಂದುವುದಿಲ್ಲ. ನಿಮ್ಮ ಊರಿಗೆ ಹತ್ತಿರದ ಅಂಗಡಿಯಲ್ಲಿ ಯಾವುದರ ಸಾಮಾನು ಸಿಗುತ್ತದೆ ಎಂದು ಮೊದಲೇ ವಿಚಾರಿಸಬೇಕು.

ಉಳಿದರ್ಧ ಖರ್ಚು

ಈಗ ಮುಖ್ಯ ವಿಷಯಕ್ಕೆ ಬರೋಣ. ಹೆಚ್ಚಿನ ಹುಡುಗರು ಎಡವುವುದು ಇಲ್ಲಿಯೇ. ಇದ್ದ ಹಣವನ್ನೆಲ್ಲ ಯಂತ್ರಕ್ಕೆ ಸುರಿಯುತ್ತಾರೆ. ಮನೆಗೆ ತಂದ ಮೇಲೆ ಅದು ಸೂಜಿಯಿಲ್ಲದ ಹೊಲಿಗೆ ಯಂತ್ರದಂತೆ ನಿಂತಿರುತ್ತದೆ. ಬಿಡಿ ಸಾಮಾನಿಗೆ ಯಂತ್ರದ ಬೆಲೆಯ ಅರ್ಧದಷ್ಟಾದರೂ ಬೇಕು, ಹೋಗುತ್ತಾ ಹೋಗುತ್ತಾ ಅಷ್ಟೇ ಆದರೂ ಆಶ್ಚರ್ಯವಿಲ್ಲ ಎಂದು ಲೆಕ್ಕ ಹಾಕಿಕೊಳ್ಳಿ.

ಮೊದಲನೆಯದು ವೈಸ್. ತುಂಡನ್ನು ಕಚ್ಚಿ ಹಿಡಿಯುವ ಸಾಧನ ಇದು. ಸಣ್ಣ ಯಂತ್ರಕ್ಕೆ ಸುಮಾರು 75-80 ಮಿ.ಮೀ. ಅಗಲದ, ತಗ್ಗಾದ, ಭಾರವಾದ ಮಿಲ್ಲಿಂಗ್ ವೈಸ್ ಬೇಕು. ಅಗ್ಗದ ಡ್ರಿಲ್ ವೈಸ್ ಬೇಡ. ಬಿಗಿಯುವಾಗ ಅದರ ದವಡೆ ಮೇಲಕ್ಕೇಳುತ್ತದೆ, ತುಂಡು ಜಾರುತ್ತದೆ. ವೈಸಿಗೆ ಹಿಡಿಸದ ತುಂಡುಗಳಿಗೆ ಕ್ಲಾಂಪ್ ಸೆಟ್ ಬೇಕು. ಟೇಬಲ್ಲಿನ ಗಾಡಿಯ ಅಗಲ ಅಳೆದುಕೊಂಡೇ ಅದನ್ನು ಕೊಳ್ಳಬೇಕು.

ಎರಡನೆಯದು ಕೊಲೆಟ್. ಕಟ್ಟರನ್ನು ಸುತ್ತಲೂ ಸಮನಾಗಿ ಹಿಡಿಯುವ ಸೀಳಿದ ಉಂಗುರ ಇದು. ಸ್ವಿಟ್ಜರ್ಲೆಂಡಿನ ರೆಗೋ-ಫಿಕ್ಸ್ ಕಂಪೆನಿ 1972ರಲ್ಲಿ ತಂದ ಇಆರ್ ಬಗೆಯ ಕೊಲೆಟ್‌ಗಳು ಇಂದು ಎಲ್ಲೆಡೆ ಸಿಗುತ್ತವೆ. ಇಆರ್25 ಸೆಟ್ 16 ಮಿ.ಮೀ.ವರೆಗಿನ ಹಿಡಿಕೆಗಳನ್ನು ಹಿಡಿಯುತ್ತದೆ. ಮನೆಗೆಲಸಕ್ಕೆ ಧಾರಾಳವಾಯಿತು. ಕೊಲೆಟನ್ನು ಮೊದಲು ನಟ್ಟಿಗೆ ಕ್ಲಿಕ್ ಎನ್ನುವಂತೆ ಕೂರಿಸಿ, ನಂತರವೇ ಹೋಲ್ಡರ್‌ಗೆ ಹಾಕಬೇಕು. ಹಾಗೆ ಮಾಡದಿದ್ದರೆ ಕೊಲೆಟ್ ಸೊಟ್ಟಗೆ ಕೂತು ಹಾಳಾಗುತ್ತದೆ. ಡ್ರಿಲ್ ಚಕ್‌ನಲ್ಲಿ ಎಂಡ್ ಮಿಲ್ ಹಿಡಿಸುವುದಂತೂ ಬೇಡವೇ ಬೇಡ.

ಮೂರನೆಯದು ಕಟ್ಟರ್‌ಗಳು, ಅಂದರೆ ಎಂಡ್ ಮಿಲ್‌ಗಳು. ಬಟ್ಟೆಗೆ ತಕ್ಕ ಸೂಜಿ ಇರುವಂತೆ ಲೋಹಕ್ಕೆ ತಕ್ಕ ಕಟ್ಟರ್ ಇದೆ. ಎರಡು ಹಲ್ಲಿನದು ಅಲ್ಯೂಮಿನಿಯಂಗೆ ಮತ್ತು ಗಾಡಿ ಕೊರೆಯಲು, ಏಕೆಂದರೆ ಅದರಲ್ಲಿ ಚೂರು ಹೊರಹೋಗಲು ಜಾಗ ಹೆಚ್ಚು. ನಾಲ್ಕು ಹಲ್ಲಿನದು ಉಕ್ಕಿನ ಬದಿ ಸವರಲು. ಹೊಳೆಯುವ ಕಾರ್ಬೈಡ್ ಕಟ್ಟರ್ ಗಟ್ಟಿಯಾದರೂ ಗಾಜಿನಂತೆ ಪೆಡಸು. ಅದುರುವ ಸಣ್ಣ ಯಂತ್ರದಲ್ಲಿ ಬೇಗ ಚಕ್ಕೆ ಏಳುತ್ತದೆ. ಕಲಿಯುವವರಿಗೆ ಹೈ ಸ್ಪೀಡ್ ಸ್ಟೀಲ್ ಒಳ್ಳೆಯದು. ನಮ್ಮ ದೇಶದಲ್ಲೇ ಚೆನ್ನೈನ ಅಡಿಸನ್‌ನಂತಹ ಹಳೆಯ ಕಂಪೆನಿಗಳು ಹೈ ಸ್ಪೀಡ್ ಸ್ಟೀಲ್ ಸಾಧನಗಳನ್ನು ತಯಾರಿಸುತ್ತವೆ. ಇಪ್ಪತ್ತು ತುಂಡುಗಳ ಅಗ್ಗದ ಸೆಟ್ಟಿಗಿಂತ 6, 8, 10, 12 ಮಿ.ಮೀ.ನ ಒಳ್ಳೆಯ ಕಟ್ಟರ್ ಎರಡೆರಡು ಇದ್ದರೆ ಸಾಕು.

ನಾಲ್ಕನೆಯದು ಅಳತೆಯ ಸಾಧನ. ಒಂದು ವರ್ನಿಯರ್ ಕ್ಯಾಲಿಪರ್ ಮತ್ತು ಮಿಲಿಮೀಟರ್‌ನ ನೂರನೇ ಒಂದು ಭಾಗ ತೋರಿಸುವ ಡಯಲ್ ಇಂಡಿಕೇಟರ್. ಕಟ್ಟರ್ ಟೇಬಲ್ಲಿಗೆ ನೇರವಾಗಿ ನಿಂತಿದೆಯೇ, ವೈಸ್ ಸರಿಯಾಗಿ ಕೂತಿದೆಯೇ ಎಂದು ನೋಡಲು ಡಯಲ್ ಬೇಕು. ಇದಿಲ್ಲದೆ ಎಷ್ಟು ಒಳ್ಳೆಯ ಯಂತ್ರವಾದರೂ ಕೆಲಸ ಸೊಟ್ಟ. ಯಂತ್ರದ ಹಿಡಿಗಳ ಮೇಲಿನ ಗುರುತು ಮಿಲಿಮೀಟರಿನದೋ ಇಂಚಿನದೋ ಎಂದೂ ನೋಡಿ ಕೊಳ್ಳಿ.

ವೇಗದ ಲೆಕ್ಕವೂ ತಿಳಿದಿರಲಿ. 10 ಮಿ.ಮೀ. ಹೈ ಸ್ಪೀಡ್ ಸ್ಟೀಲ್ ಕಟ್ಟರ್ ಸಾದಾ ಉಕ್ಕಿನಲ್ಲಿ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗಬೇಕು, ಅಲ್ಯೂಮಿನಿಯಂನಲ್ಲಿ ಸುಮಾರು 2000. ಕಟ್ಟರ್ ದಪ್ಪ ಇಮ್ಮಡಿಯಾದರೆ ಸುತ್ತು ಅರ್ಧವಾಗಬೇಕು. ಎಲ್ಲವನ್ನೂ ಒಂದೇ ವೇಗದಲ್ಲಿ ಓಡಿಸಿದರೆ ಕಟ್ಟರ್ ಸುಟ್ಟು ಹೋಗುತ್ತದೆ. ಸಣ್ಣ ಯಂತ್ರದ ಸ್ಕ್ರೂಗಳಲ್ಲಿ ಸ್ವಲ್ಪ ಸಡಿಲ ಇದ್ದೇ ಇರುತ್ತದೆ. ಹಾಗಾಗಿ ತುಂಡನ್ನು ಕಟ್ಟರ್ ತಿರುಗುವ ದಿಕ್ಕಿಗೆ ಎದುರಾಗಿಯೇ ಸರಿಸಬೇಕು. ಜೊತೆಯ ದಿಕ್ಕಿಗೆ ಸರಿಸಿದರೆ ಕಟ್ಟರ್ ತುಂಡನ್ನು ತನ್ನತ್ತ ಸೆಳೆದುಕೊಳ್ಳುತ್ತದೆ.

ತಾಯಿಯ ಷರತ್ತುಗಳು

ಇಷ್ಟು ತಿಳಿದ ಮೇಲೆ ಕೆಲವು ಷರತ್ತುಗಳನ್ನು ಹಾಕುವ ಹಕ್ಕು ನಿಮಗಿದೆ. ಯಂತ್ರ ಗುಂಡಿ ಒತ್ತುವ ಮೊದಲು ಕನ್ನಡಕ ಕಣ್ಣಿನ ಮೇಲಿರಬೇಕು. ಕೈಗವಸು ಬೇಡ. ಇದು ವಿಚಿತ್ರವೆನಿಸಬಹುದು, ಆದರೆ ತಿರುಗುವ ಕಟ್ಟರ್ ಕೈಗವಸನ್ನು ಹಿಡಿದರೆ ಕೈಯನ್ನೂ ಒಳಗೆಳೆಯುತ್ತದೆ. ಸಡಿಲ ತೋಳಿನ ಅಂಗಿ, ಉಂಗುರ, ಗಡಿಯಾರ ಬೇಡ. ಹೆಣ್ಣು ಮಕ್ಕಳು ನಿಂತು ಕೆಲಸ ಮಾಡುವುದಾದರೆ ಕೂದಲು ಕಟ್ಟಿರಬೇಕು, ದುಪಟ್ಟಾದ ಸೆರಗು ಇಳಿಬಿದ್ದಿರಬಾರದು. ಚೂರುಗಳನ್ನು ಬ್ರಷ್‌ನಿಂದ ಗುಡಿಸಬೇಕು, ಬೆರಳಿನಿಂದ ಅಲ್ಲ. ಅವು ಬ್ಲೇಡಿನಂತೆ ಹರಿತ, ಬರಿಗಾಲಿನಲ್ಲಿ ಓಡುವ ಪುಟ್ಟ ಮಕ್ಕಳ ಪಾದಕ್ಕೆ ಚುಚ್ಚುತ್ತವೆ. ಆದ್ದರಿಂದ ಕೊಟ್ಟಿಗೆಗೆ ಬಾಗಿಲೂ ಬೀಗವೂ ಇರಲಿ.

ಇನ್ನೊಂದು ವಿಷಯ ನಮ್ಮ ಕರೆಂಟಿಗೆ ಸಂಬಂಧಿಸಿದ್ದು. ಕರೆಂಟ್ ಹೋಗಿ ಮರಳಿ ಬಂದಾಗ ಯಂತ್ರ ತಾನಾಗಿಯೇ ತಿರುಗಲಾರಂಭಿಸಬಾರದು. ಮತ್ತೆ ಗುಂಡಿ ಒತ್ತಿದರೆ ಮಾತ್ರ ಓಡುವ ಸ್ವಿಚ್ ಇದೆಯೇ ಎಂದು ಅಂಗಡಿಯಲ್ಲೇ ಪರೀಕ್ಷಿಸಿ. ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಸಾಧ್ಯವಿದ್ದರೆ ಕೊಳ್ಳುವ ಮೊದಲು ಕೆಲವು ತಿಂಗಳು ಯಾವುದಾದರೂ ವರ್ಕ್‌ಶಾಪಿನಲ್ಲಿ ಕೈ ಪಳಗಲಿ. ಬೆಂಗಳೂರಿನ ಪೀಣ್ಯ, ಬೆಳಗಾವಿಯ ಉದ್ಯಮಬಾಗ್, ಮಂಗಳೂರಿನ ಬೈಕಂಪಾಡಿಯಂತಹ ಕೈಗಾರಿಕಾ ಪ್ರದೇಶಗಳಲ್ಲಿ ಇಂತಹ ಕೆಲಸ ನಡೆಯುತ್ತದೆ. ಸರಕಾರದ ಜಿಟಿಟಿಸಿ ಕೇಂದ್ರಗಳು ರಾಜ್ಯದ ಹಲವು ಊರುಗಳಲ್ಲಿವೆ. ಹತ್ತು ಕಟ್ಟರ್ ಮುರಿದ ಅನುಭವಿಯ ಪಕ್ಕ ಒಂದು ವಾರ ನಿಂತರೆ ಹತ್ತು ಕಟ್ಟರ್‌ಗಳ ಹಣ ಉಳಿಯುತ್ತದೆ.

ಮೊನ್ನೆ ಆ ಸಹೋದರಿ ಮತ್ತೆ ಫೋನ್ ಮಾಡಿದ್ದರು. ಮಗ ಹಾಳೆಯಲ್ಲಿ ಎಲ್ಲವನ್ನೂ ಬರೆದು ಕೊಟ್ಟನಂತೆ. ಕೂಡಿಸಿ ನೋಡಿದಾಗ ಅವನಿಗೇ ತಿಳಿಯಿತು, ಅವನು ಆಸೆಪಟ್ಟ ದೊಡ್ಡ ಯಂತ್ರ ಕೊಂಡರೆ ವೈಸಿಗೂ ಹಣ ಉಳಿಯುವುದಿಲ್ಲ ಎಂದು. "ಉಮ್ಮಾ, ನಾನು ಮಾಡಬೇಕೆಂದಿರುವುದಕ್ಕೆ ಸಣ್ಣದೇ ಸಾಕು. ಅದೂ ಈಗಲೇ ಬೇಡ. ಪರೀಕ್ಷೆ ಮುಗಿದ ಮೇಲೆ ವರ್ಕ್‌ಶಾಪಿಗೆ ಹೋಗುತ್ತೇನೆ, ವೈಸ್ ಮತ್ತು ಕಟ್ಟರ್‌ಗಳ ಹಣ ನಾನೇ ದುಡಿದು ತರುತ್ತೇನೆ" ಎಂದನಂತೆ.

"ಅಡುಗೆ ಮನೆಯ ಹಣ?" ಎಂದು ಕೇಳಿದೆ.

"ಅರ್ಧ ಹಣದಲ್ಲಿ ಸೋರುವ ಮಾಡು ಸರಿ ಮಾಡಿಸುತ್ತೇನೆ. ಉಳಿದರ್ಧ ಅವನ ಯಂತ್ರಕ್ಕೆ ಎತ್ತಿಟ್ಟಿದ್ದೇನೆ. ಕಟ್ಟೆಯ ಕಲ್ಲು ಮುಂದಿನ ವರ್ಷ, ಇನ್‌ಶಾ ಅಲ್ಲಾಹ್" ಎಂದರು. ದನಿಯಲ್ಲಿ ಮೊದಲಿನ ಅಂಜಿಕೆ ಇರಲಿಲ್ಲ. ಸ್ವಲ್ಪ ತಡೆದು ಕೇಳಿದರು, "ಅಂದ ಹಾಗೆ, ಕೊಲೆಟ್ ಇಆರ್25 ಸಾಕಲ್ಲವೇ?"