ದಂಡನಾಯಕರು ಮನೆಗೆ ಮರಳುವ ದಾರಿ

2025ರ ಮೇ ತಿಂಗಳಲ್ಲಿ ಪಾಕಿಸ್ತಾನ ಸರಕಾರವು ತನ್ನ ಭೂಸೇನಾ ಮುಖ್ಯಸ್ಥ ಜನರಲ್ ಆಸಿಮ್ ಮುನೀರ್‌ರಿಗೆ ಫೀಲ್ಡ್ ಮಾರ್ಷಲ್ ಪದವಿಯನ್ನು ನೀಡಿತು. ಅದೇ ವರ್ಷದ ನವೆಂಬರ್‌ನಲ್ಲಿ ಅಲ್ಲಿಯ ಸಂಸತ್ತು ಅಂಗೀಕರಿಸಿದ 27ನೇ ಸಂವಿಧಾನ ತಿದ್ದುಪಡಿಯು ಭೂಸೇನಾ ಮುಖ್ಯಸ್ಥರನ್ನೇ ಎಲ್ಲ ರಕ್ಷಣಾ ಪಡೆಗಳ ಮುಖ್ಯಸ್ಥರನ್ನಾಗಿ ಮಾಡಿತಲ್ಲದೆ, ಫೀಲ್ಡ್ ಮಾರ್ಷಲ್ ಪದವಿಯಲ್ಲಿರುವವರಿಗೆ ಜೀವನಪರ್ಯಂತ ಕಾನೂನಿನ ರಕ್ಷಣೆಯನ್ನೂ ಒದಗಿಸಿತು. ಚುನಾಯಿತ ಪ್ರತಿನಿಧಿಗಳೇ ಕೈಯೆತ್ತಿ ಒಬ್ಬ ಸೇನಾನಿಯನ್ನು ಕಾನೂನಿನ ಕೈಗೆಟುಕದ ಎತ್ತರದಲ್ಲಿ ಕೂರಿಸಿದರು. ಇದನ್ನು ನೆರೆಮನೆಯ ಸುದ್ದಿಯೆಂದು ಓದಿ ಬದಿಗಿಡುವಂತಿಲ್ಲ. ಏಕೆಂದರೆ ಆ ಸೇನೆಯೂ ನಮ್ಮ ಸೇನೆಯೂ ಒಂದೇ ತಾಯಿಬೇರಿನಿಂದ ಕವಲೊಡೆದವು.

1947ರಲ್ಲಿ ಬ್ರಿಟಿಷ್ ಭಾರತದ ಸೇನೆಯು ಎರಡಾಗಿ ಹಂಚಿಹೋಯಿತು. ಎರಡೂ ಕಡೆ ಆರಂಭದಲ್ಲಿ ಬ್ರಿಟಿಷ್ ಅಧಿಕಾರಿಗಳೇ ದಂಡನಾಯಕರಾಗಿದ್ದರು. 1949ರ ಜನವರಿ 15ರಂದು ಕೊಡಗಿನ ಕೆ.ಎಂ. ಕಾರ್ಯಪ್ಪನವರು ಜನರಲ್ ಬುಚರ್‌ರಿಂದ ಅಧಿಕಾರ ವಹಿಸಿಕೊಂಡರು. 1951ರ ಜನವರಿಯಲ್ಲಿ ಜನರಲ್ ಗ್ರೇಸಿಯವರ ಸ್ಥಾನಕ್ಕೆ ಅಯ್ಯೂಬ್ ಖಾನ್ ಬಂದರು. ಇಬ್ಬರೂ ಒಂದೇ ಶಿಸ್ತಿನಲ್ಲಿ ಬೆಳೆದವರು. ಆದರೆ ಮುಂದಿನ ದಾರಿಗಳು ಬೇರೆಯಾದವು.

ಅಂಕಿಗಳೇ ಕತೆಯನ್ನು ಹೇಳುತ್ತವೆ. 1947ರಿಂದ 1964ರವರೆಗೆ ಭಾರತದಲ್ಲಿ ಪ್ರಧಾನಿ ಒಬ್ಬರೇ, ಜವಾಹರಲಾಲ್ ನೆಹರೂ. ಅವರ ಕಾಲದಲ್ಲಿ ಎಂಟು ಮಂದಿ ಸೇನೆಯ ಚುಕ್ಕಾಣಿ ಹಿಡಿದರು. ಪಾಕಿಸ್ತಾನದಲ್ಲಿ 1951ರ ಅಕ್ಟೋಬರ್‌ನಲ್ಲಿ ಲಿಯಾಖತ್ ಅಲಿ ಖಾನ್‌ರ ಹತ್ಯೆಯಾದಂದಿನಿಂದ 1958ರ ಅಕ್ಟೋಬರ್‌ವರೆಗೆ ಆರು ಮಂದಿ ಪ್ರಧಾನಿಗಳು ಬಂದು ಹೋದರು. ದಂಡನಾಯಕ ಮಾತ್ರ ಒಬ್ಬರೇ, ಅಯ್ಯೂಬ್ ಖಾನ್. ಕೊನೆಗೆ ಅವರೇ ದೇಶದ ಅಧಿಪತಿಯಾದರು.

ಫೀಲ್ಡ್ ಮಾರ್ಷಲ್ ಎಂಬ ಬಿರುದಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. ಭಾರತದಲ್ಲಿ ಸ್ಯಾಮ್ ಮಾಣೆಕ್‌ಶಾರಿಗೆ ಅದು ದೊರೆತದ್ದು 1973ರ ಜನವರಿಯಲ್ಲಿ. ಅದೇ ತಿಂಗಳು ಅವರು ಸೇನಾ ಮುಖ್ಯಸ್ಥರ ಹುದ್ದೆಯನ್ನು ತೊರೆದರು. ಕಾರ್ಯಪ್ಪನವರಿಗೆ ದೊರೆತದ್ದು 1986ರಲ್ಲಿ, ಹುದ್ದೆಯಿಂದ ಇಳಿದು ಮೂರು ದಶಕಗಳು ಕಳೆದ ಮೇಲೆ. ಇಲ್ಲಿ ಅದು ಹೊರಡುವವರಿಗೆ ನೀಡುವ ಗೌರವ. ಅಲ್ಲಿ 1959ರಲ್ಲಿ ಅಯ್ಯೂಬರಿಗೂ 2025ರಲ್ಲಿ ಮುನೀರರಿಗೂ ಅದು ಅಧಿಕಾರದಲ್ಲಿ ಉಳಿಯುವವರ ಆಭರಣ.

ಈ ವ್ಯತ್ಯಾಸಕ್ಕೆ ಕಾರಣವೇನು? ಕೆಲವರು ತಕ್ಷಣ ಧರ್ಮದತ್ತ ಬೆರಳು ತೋರಿಸುತ್ತಾರೆ. ಮುಸ್ಲಿಮ್ ಸಮಾಜಗಳಿಗೆ ಸೇನಾಡಳಿತವೇ ಒಗ್ಗುತ್ತದೆ ಎಂಬ ಈ ವಾದವನ್ನು ಇಂಡೋನೇಷ್ಯಾ ಸುಳ್ಳಾಗಿಸಿದೆ. ಜಗತ್ತಿನಲ್ಲೇ ಅತ್ಯಂತ ದೊಡ್ಡ ಮುಸ್ಲಿಮ್ ಜನಸಮುದಾಯಗಳಲ್ಲೊಂದನ್ನು ಹೊಂದಿರುವ ಆ ದೇಶದಲ್ಲಿ 1998ರಲ್ಲಿ ಸುಹಾರ್ತೊ ಪದತ್ಯಾಗ ಮಾಡಿದರು. 2004ರ ಹೊತ್ತಿಗೆ ಸಂಸತ್ತಿನಲ್ಲಿ ಸೇನೆಗೆ ಮೀಸಲಾಗಿದ್ದ ಸ್ಥಾನಗಳೂ ಕೊನೆಗೊಂಡವು. ನಿಜವಾದ ಕಾರಣವು ಸಂಸ್ಥೆಗಳಲ್ಲಿದೆ. ಭಾರತಕ್ಕೆ 1950ರಲ್ಲಿ ಸಂವಿಧಾನವೂ 1951-52ರಲ್ಲಿ ಮಹಾಚುನಾವಣೆಯೂ ದೊರೆತವು. ಪಾಕಿಸ್ತಾನಕ್ಕೆ ಮೊದಲ ಸಂವಿಧಾನ ಬಂದದ್ದು 1956ರಲ್ಲಿ. ರಾಷ್ಟ್ರಮಟ್ಟದ ಮೊದಲ ನೇರ ಸಾರ್ವತ್ರಿಕ ಚುನಾವಣೆ ನಡೆದದ್ದು 1970ರಲ್ಲಿ. ರಾಜಕಾರಣಿಗಳು ಖಾಲಿ ಬಿಟ್ಟ ಜಾಗವನ್ನು ಸೇನೆ ತುಂಬಿತು.

ರಾಜಕಾರಣಿಗಳ ಇನ್ನೊಂದು ತಪ್ಪನ್ನೂ ಹೇಳಲೇಬೇಕು. 1976ರಲ್ಲಿ ಝುಲ್ಫಿಕರ್ ಅಲಿ ಭುಟ್ಟೊ ಹಲವು ಹಿರಿಯರನ್ನು ಬದಿಗೊತ್ತಿ ಝಿಯಾವುಲ್ ಹಕ್‌ರನ್ನು ಸೇನಾ ಮುಖ್ಯಸ್ಥರನ್ನಾಗಿಸಿದರು. ಮರುವರ್ಷ ಅದೇ ಝಿಯಾ ಅವರನ್ನು ಪದಚ್ಯುತಗೊಳಿಸಿದರು. 1979ರ ಏಪ್ರಿಲ್ 4ರಂದು ಭುಟ್ಟೊ ಗಲ್ಲಿಗೇರಿದರು. ತೊಂಬತ್ತು ದಿನಗಳಲ್ಲಿ ಚುನಾವಣೆಯೆಂದು ಮಾತು ಕೊಟ್ಟಿದ್ದ ಝಿಯಾ, ಇಸ್ಲಾಮಿನ ಹೆಸರನ್ನು ಬಳಸಿಕೊಂಡು ಹನ್ನೊಂದು ವರ್ಷ ಆಳಿದರು. ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕೆಂದು ಕಲಿಸುವ ಧರ್ಮದ ಹೆಸರಿನಲ್ಲಿ ಮಾತು ಮುರಿದ ಆಡಳಿತವದು! 1998ರಲ್ಲಿ ನವಾಝ್ ಶರೀಫ್ ಕೂಡ ಹಿರಿಯರನ್ನು ದಾಟಿ ಪರ್ವೇಝ್ ಮುಶರ್ರಫ್‌ರನ್ನು ಆರಿಸಿದರು. 1999ರ ಅಕ್ಟೋಬರ್ 12ರಂದು ಅವರ ಸರಕಾರವೂ ಉರುಳಿತು. ತನಗೆ ನಿಷ್ಠನಾಗಿರುತ್ತಾನೆಂದು ನಂಬಿ ದಂಡನಾಯಕನನ್ನು ಆರಿಸುವ ಆಡಳಿತಗಾರನು ಸಂವಿಧಾನದ ನಿಷ್ಠೆಯನ್ನೇ ದುರ್ಬಲಗೊಳಿಸುತ್ತಾನೆ.

ಹಾಗೆಂದು ನಾವು ಬೀಗುವಂತಿಲ್ಲ. 1959ರಲ್ಲಿ ಕೊಡಗಿನವರೇ ಆದ ಜನರಲ್ ಕೆ.ಎಸ್. ತಿಮ್ಮಯ್ಯನವರು ರಕ್ಷಣಾ ಸಚಿವ ಕೃಷ್ಣ ಮೆನನ್‌ರೊಂದಿಗಿನ ಭಿನ್ನಾಭಿಪ್ರಾಯದಿಂದ ರಾಜೀನಾಮೆ ಸಲ್ಲಿಸಿದ್ದರು. ನೆಹರೂ ಅವರ ಮಾತಿಗೆ ಮಣಿದು ಅದನ್ನು ಹಿಂದೆಗೆದುಕೊಂಡರು. 1961ರಲ್ಲಿ ಅವಧಿ ಮುಗಿದಾಗ ನಿವೃತ್ತರಾದರು. ಅಸಮಾಧಾನವಿತ್ತು, ಆದರೆ ಅದು ಪತ್ರದ ಮಿತಿಯನ್ನು ದಾಟಲಿಲ್ಲ. ಈ ಸಂಪ್ರದಾಯವನ್ನು ಸೇನೆ ಉಳಿಸಿಕೊಂಡಿದೆ. ಸರಕಾರಗಳು ಉಳಿಸಿಕೊಂಡಿವೆಯೇ? 1983ರಲ್ಲಿ ಹಿರಿತನದ ಸಾಲಿನಲ್ಲಿ ಮುಂದಿದ್ದ ಎಸ್.ಕೆ. ಸಿನ್ಹಾರನ್ನು ಬಿಟ್ಟು ಎ.ಎಸ್. ವೈದ್ಯರನ್ನು ನೇಮಿಸಲಾಯಿತು. 2016ರಲ್ಲಿ ಇಬ್ಬರು ಹಿರಿಯರನ್ನು ದಾಟಿ ಬಿಪಿನ್ ರಾವತ್‌ರನ್ನು ಆರಿಸಲಾಯಿತು. 2022ರಲ್ಲಿ ನಿಯಮಗಳನ್ನು ಬದಲಿಸಿ, ನಿವೃತ್ತ ಲೆಫ್ಟಿನೆಂಟ್ ಜನರಲ್‌ಗಳೂ ರಕ್ಷಣಾ ಪಡೆಗಳ ಮುಖ್ಯಸ್ಥರಾಗಬಹುದೆಂದು ಮಾಡಲಾಯಿತು. ನೇಮಕದ ಅಧಿಕಾರ ಚುನಾಯಿತ ಸರಕಾರದ್ದೇ, ಅದರಲ್ಲಿ ವಿವಾದವಿಲ್ಲ. ಹಿರಿತನವೊಂದೇ ಅರ್ಹತೆಯೆಂದೂ ನಾವು ಹೇಳುವುದಿಲ್ಲ. ಆದರೆ ಹಿರಿತನವನ್ನು ಬಿಟ್ಟಾಗ, ಯಾವ ಮಾನದಂಡವನ್ನು ಹಿಡಿದರೆಂಬುದು ಸಂಸತ್ತಿಗೆ ತಿಳಿಯಬೇಡವೇ? ಕಾರಣವನ್ನು ಹೇಳದ ಆಯ್ಕೆಯು ಮುಂದಿನ ಸಾಲಿನ ಅಧಿಕಾರಿಗಳಿಗೆ ಆಳುವವರ ಮುಖ ನೋಡಿ ನಡೆಯುವುದನ್ನು ಕಲಿಸುತ್ತದೆ.

ಸೈನಿಕರ ಶೌರ್ಯವನ್ನು ಮತಪೆಟ್ಟಿಗೆಗೆ ಎಳೆದು ತರುವ ಪಕ್ಷಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಸೇನೆಯನ್ನು ಪ್ರಶ್ನೆಗೆ ಅತೀತವೆಂದು ಸಾರುವುದು ಅದಕ್ಕೆ ಸಲ್ಲಿಸುವ ಗೌರವವಲ್ಲ. ರಾಜಕೀಯದ ಅಂಗಳಕ್ಕೆ ಅದನ್ನು ಕರೆಯುವ ಮೊದಲ ಹೆಜ್ಜೆ. ದಂಡನಾಯಕರು ಗೊತ್ತಾದ ದಿನ ಬಂದು, ಗೊತ್ತಾದ ದಿನ ಅಧಿಕಾರದ ಕೋಲನ್ನು ಮುಂದಿನವರಿಗೆ ಒಪ್ಪಿಸಿ ಮನೆಗೆ ಮರಳುವ ನಾಡಿನಲ್ಲಿ ಮಾತ್ರ ಸಾಮಾನ್ಯ ಪ್ರಜೆಯ ಮತಕ್ಕೆ ಬೆಲೆಯಿರುತ್ತದೆ. ಆ ದಾರಿಯನ್ನು ತೆರೆದಿಡುವ ಹೊಣೆ ಸೇನೆಯದಲ್ಲ, ಸಂಸತ್ತಿನದು. ಸಂಸತ್ತನ್ನು ಆರಿಸುವ ನಮ್ಮೆಲ್ಲರದು.